ಕಣ್ಣಿಗೆ ಕಾಣದ ಕಾಡಿಗೆ

ಹಾಳೆಯ ಮೇಲೆ ಪದ್ಯವಿದೆ, ಕೆಳಗೆ ಕವಿಯ ಹೆಸರಿಲ್ಲ. ಯಾವ ಕಾಲದ್ದು, ಯಾವ ಸಂಕಲನದ್ದು ಎಂಬ ಸುಳಿವೂ ಇಲ್ಲ. ಒಂದು ವಾರ ಇಟ್ಟುಕೊಳ್ಳಿ, ಬೇಕಾದಷ್ಟು ಸಲ ಓದಿ, ಅನ್ನಿಸಿದ್ದನ್ನು ಬರೆದು ತನ್ನಿ. ಎಷ್ಟು ಸಲ ಕೂತು ಓದಿದಿರಿ ಅನ್ನುವುದನ್ನು ನಮೂದಿಸಿ, ನಿಮ್ಮ ಹೆಸರು ಹಾಕುವುದು ಬೇಡ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಎಂಬ ಮೇಷ್ಟರು ತಮ್ಮ ಉಪನ್ಯಾಸಕ್ಕೆ ಬರುವವರಿಗೆ ಕೊಡುತ್ತಿದ್ದ ಕೆಲಸ ಇದು. ಆಮೇಲೆ ಅವರು ಆ ಬರಹಗಳನ್ನೇ ಮುಂದಿಟ್ಟುಕೊಂಡು ಪಾಠ ಮಾಡುತ್ತಿದ್ದರು. 13 ಪದ್ಯಗಳನ್ನೂ ಅವುಗಳ ಬಗ್ಗೆ ಬಂದ ಬರಹಗಳನ್ನೂ ಸೇರಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಪುಸ್ತಕ ತಂದರು. ನಮ್ಮಲ್ಲಿ ಕನ್ನಡ ಎಂ.ಎ. ಓದುವವರು ‘ಪ್ರಾಯೋಗಿಕ ವಿಮರ್ಶೆ’ ಎಂಬ ಹೆಸರು ಕೇಳಿರುತ್ತಾರೆ. ಅದರ ಬೇರು ಅಲ್ಲಿದೆ.

ಪುಸ್ತಕ ಬಂದಾಗ ಬಯಲಾದದ್ದು ಓದುಗರ ಬಣ್ಣ. ಜಾನ್ ಡನ್ನನ ಸಾನೆಟ್ಟು, ಹಾಪ್‌ಕಿನ್ಸನ ಪುಟ್ಟ ಪದ್ಯ ಅನೇಕರಿಗೆ ರುಚಿಸಲಿಲ್ಲ. ಕೆಲವರಿಗಂತೂ ವಾಕ್ಯದ ಅನ್ವಯವೇ ಹತ್ತಲಿಲ್ಲ. ಅಮೆರಿಕದ ಮನೆಮಾತಾಗಿದ್ದ ಲಾಂಗ್‌ಫೆಲೋನ ಪದ್ಯವನ್ನು ಬಹುಪಾಲು ಮಂದಿ ತಿರಸ್ಕರಿಸಿದರು. ಇವತ್ತು ಯಾರೂ ನೆನೆಯದ ಕವಿಗಳ ಸಾಲುಗಳಿಗೆ ಶಹಬ್ಬಾಸ್‌ಗಿರಿ ಸಿಕ್ಕಿತು. ಡಿ.ಎಚ್. ಲಾರೆನ್ಸನ ‘ಪಿಯಾನೊ’ ಪದ್ಯದ ಪಾಡು ಇನ್ನೂ ಸ್ವಾರಸ್ಯದ್ದು. ಹೆಂಗಸೊಬ್ಬಳು ಹಾಡುತ್ತಿರುವಾಗ ಕೇಳುವವನಿಗೆ, ಅಮ್ಮ ನುಡಿಸುತ್ತಿದ್ದ ಪಿಯಾನೊದ ಕೆಳಗೆ ಕೂತಿದ್ದ ಬಾಲ್ಯ ನೆನಪಾಗುತ್ತದೆ. ಬರೀ ಗೋಳು, ಅತಿಭಾವುಕತೆ ಎಂದು ಬಹಳ ಮಂದಿ ಷರಾ ಬರೆದರು. ಈ ಹಾಡು ತನ್ನ ಇಷ್ಟಕ್ಕೆ ವಿರುದ್ಧವಾಗಿ ತನ್ನನ್ನು ಹಿಂದಕ್ಕೆಳೆಯುತ್ತಿದೆ ಎಂದು ಆ ಪದ್ಯವೇ ಹೇಳಿಕೊಳ್ಳುತ್ತದೆ. ಅಳುವನ್ನು ತಡೆಯಲು ಹೆಣಗುವುದೇ ಅಲ್ಲಿಯ ವಸ್ತು. ಷರಾ ಬರೆದವರ ಕಣ್ಣಿಗೆ ಆ ಪದಗಳು ಬಿದ್ದಿರಲಿಲ್ಲ.

ಇವರು ದಡ್ಡರಲ್ಲ, ಇಂಗ್ಲೆಂಡಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯವನ್ನೇ ಓದಲು ಬಂದವರು. ಹಾಗಾದರೆ ತೊಡಕೆಲ್ಲಿ? ರಿಚರ್ಡ್ಸ್ ಹತ್ತು ತೊಡಕುಗಳನ್ನು ಪಟ್ಟಿ ಮಾಡಿದರು. ನೇರವಾದ ಅರ್ಥವೇ ಆಗದಿರುವುದು ಮೊದಲನೆಯದು. ಪದ್ಯಕ್ಕೆ ಸಂಬಂಧವಿಲ್ಲದ ಸ್ವಂತ ನೆನಪುಗಳು ನಡುವೆ ನುಗ್ಗುವುದು ಇನ್ನೊಂದು. ಎಲ್ಲಕ್ಕಿಂತ ಹೆಚ್ಚು ಮಾತಿಗೆ ಬಂದದ್ದು ಸಿದ್ಧ ಪ್ರತಿಕ್ರಿಯೆ. ಸಾವು, ತಾಯಿ, ದೇವರು, ದೇಶ ಎಂಬ ಪದ ಕಂಡ ತಕ್ಷಣ ಓದುಗರ ತಲೆಯಲ್ಲಿ ಮೊದಲೇ ಇಟ್ಟಿರುವ ಗ್ರಾಮಫೋನ್ ತಟ್ಟೆ ತಿರುಗಲು ಶುರುವಾಗುತ್ತದೆ. ಆಮೇಲೆ ಕೇಳುವುದೆಲ್ಲ ತಟ್ಟೆಯ ಹಾಡು, ಪದ್ಯದ್ದಲ್ಲ. ಗ್ರಾಮಫೋನಿನ ಹೋಲಿಕೆ ರಿಚರ್ಡ್ಸ್‌ರದೇ.

ಕರ್ನಾಟಕದಲ್ಲಿ ಶಾಲೆ ಕಲಿತವರಿಗೆ ಈ ತಟ್ಟೆಯ ಸದ್ದು ಹೊಸದೇನಲ್ಲ. ಹೈಸ್ಕೂಲಿನ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒಂದು ಸಾಲು ಕೊಟ್ಟು ಸಂದರ್ಭದೊಡನೆ ವಿವರಿಸಲು ಕೇಳುತ್ತಾರೆ. ಉತ್ತರಕ್ಕೆ ಮೂರು ತುಂಡು: ಆಯ್ಕೆ, ಸಂದರ್ಭ, ಸ್ವಾರಸ್ಯ. ಮೊದಲೆರಡಕ್ಕೆ ನೆನಪಿನ ಶಕ್ತಿ ಸಾಕು. ಮೂರನೆಯದು ನಿಜಕ್ಕೂ ವಿಮರ್ಶೆಯ ಮೊಳಕೆ, ಈ ಸಾಲಿನಲ್ಲಿ ರುಚಿ ಎಲ್ಲಿದೆ ಎಂದು ಹುಡುಗರನ್ನು ಕೇಳುವ ಜಾಗ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ಪೆನ್ನು ತಾನಾಗಿ ಓಡುತ್ತದೆ: ‘ಇಲ್ಲಿ ಕವಿಯು ಪಾತ್ರದ ಮನಸ್ಸನ್ನು ಬಹಳ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾರೆ.’ ಸ್ವಾರಸ್ಯ ಏನಪ್ಪಾ ಎಂದರೆ ಸ್ವಾರಸ್ಯಪೂರ್ಣವಾಗಿದೆ! ಪಂಪನ ಕರ್ಣನಿಗೂ ಅದೇ ವಾಕ್ಯ, ಕುಮಾರವ್ಯಾಸನ ಕೃಷ್ಣನಿಗೂ ಅದೇ. ಡಿಗ್ರಿಗೆ ಬಂದಾಗ ವಾಕ್ಯ ಉದ್ದವಾಗುತ್ತದೆ, ಎಂ.ಎ.ಗೆ ಬಂದಾಗ ಅದಕ್ಕೆ ‘ಸಾಮಾಜಿಕ ಪ್ರಜ್ಞೆ’ಯೋ ‘ಅಸ್ತಿತ್ವವಾದಿ ನೆಲೆ’ಯೋ ಸೇರಿಕೊಳ್ಳುತ್ತದೆ. ತಟ್ಟೆ ಮಾತ್ರ ಬದಲಾಗಿರುವುದಿಲ್ಲ. ಹುಡುಗರನ್ನಷ್ಟೇ ದೂರುವುದು ಸರಿಯಲ್ಲ. ಪರೀಕ್ಷೆಯ ಉತ್ತರಪತ್ರಿಕೆ ಎಂಬುದು ಮೊದಲ ಕರಡನ್ನೇ ಕೊನೆಯ ಪ್ರತಿಯಾಗಿ ಕೇಳುವ ಕಾಗದ. ಮೂರು ಗಂಟೆಯಲ್ಲಿ ಎರಡನೆಯ ಯೋಚನೆಗೆ ಜಾಗವೆಲ್ಲಿ?

ಆ ಎರಡನೆಯ ಯೋಚನೆಯ ಕತೆಗೆ ಮತ್ತೆ ಕೇಂಬ್ರಿಜ್‌ಗೇ ಹೋಗಬೇಕು. ವಿಲಿಯಂ ಎಂಪ್ಸನ್ ಎಂಬ ಹುಡುಗ 1925ರಲ್ಲಿ ಅಲ್ಲಿನ ಮಾಡ್ಲಿನ್ ಕಾಲೇಜಿಗೆ ಸೇರಿದ್ದು ಗಣಿತ ಓದಲು. ಆಮೇಲೆ ಇಂಗ್ಲಿಷ್ ಸಾಹಿತ್ಯಕ್ಕೆ ಬದಲಾದ; ರಿಚರ್ಡ್ಸ್ ಅವನ ಮಾರ್ಗದರ್ಶಕರಾದರು. ಒಂದು ದಿನ ಅವನು ರಾಬರ್ಟ್ ಗ್ರೇವ್ಸ್ ಮತ್ತು ಲಾರಾ ರೈಡಿಂಗ್ ಸೇರಿ ಮಾಡಿದ್ದ ಒಂದು ವಿಶ್ಲೇಷಣೆಯ ಸುದ್ದಿ ತೆಗೆದ. ಷೇಕ್ಸ್‌ಪಿಯರನ ಒಂದು ಸಾನೆಟ್ಟಿನ ಹಳೆಯ ಮುದ್ರಣದಲ್ಲಿ ಚಿಹ್ನೆಗಳು ಈಗಿನಂತಿಲ್ಲ; ಈಗಿನ ಸಂಪಾದಕರು ಅಲ್ಪವಿರಾಮ, ಅರ್ಧವಿರಾಮ ಹಾಕಿ ಒಂದೇ ಅರ್ಥಕ್ಕೆ ಬೀಗ ಜಡಿದಿದ್ದಾರೆ, ಆ ಬೀಗ ತೆಗೆದರೆ ಹಲವು ಅರ್ಥಗಳು ಒಟ್ಟಿಗೆ ಉಸಿರಾಡುತ್ತವೆ ಎಂಬುದು ಅವರ ವಾದ. ಜಾದೂಗಾರ ಟೋಪಿಯಿಂದ ಮೊಲ ತೆಗೆದ ಹಾಗೆ ಎಂಪ್ಸನ್ ಆ ಸಾನೆಟ್ಟಿನಿಂದ ಒಂದರ ಹಿಂದೊಂದು ಅರ್ಥ ತೆಗೆಯುತ್ತ ಹೋದನಂತೆ. ಯಾವ ಕಾವ್ಯವನ್ನು ಹಿಡಿದರೂ ಹೀಗೆ ಮಾಡಬಹುದಲ್ಲವೇ ಎಂದು ಕೇಳಿದ. ಹಾಗಿದ್ದರೆ ಹೋಗಿ ಮಾಡಿಕೊಂಡು ಬಾ ಎಂದರು ಮೇಷ್ಟರು. ಎರಡು ವಾರದಲ್ಲಿ ಅವನು ಕಂಕುಳಲ್ಲಿ ಒಂದು ಕಟ್ಟು ಹಾಳೆ ಇರುಕಿಕೊಂಡು ಬಂದ. ಕಷ್ಟಪಟ್ಟು ಓದಬೇಕಾದ ಟೈಪ್ ಪ್ರತಿ, ಸುಮಾರು 30,000 ಪದ. 1930ರಲ್ಲಿ ಪ್ರಕಟವಾದ ‘ಸೆವೆನ್ ಟೈಪ್ಸ್ ಆಫ್ ಆಂಬಿಗ್ಯುಯಿಟಿ’ಯ ತಿರುಳು ಅದು. ಆಗ ಅವನಿಗೆ 24 ವರ್ಷ.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಹುಡುಗರು ಇದರಿಂದ ಕಲಿಯುವ ಪಾಠ: ಪ್ರತಿಭೆ ಇದ್ದರೆ ಎರಡೇ ವಾರ ಸಾಕು.

ನಮ್ಮಲ್ಲೂ ಇಂಥ ಮಾತಿಗೆ ದೊಡ್ಡ ವಂಶಾವಳಿ ಇದೆ. ಗದುಗಿನ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ತನ್ನ ಹೆಗ್ಗಳಿಕೆಗಳನ್ನು ಎಣಿಸುತ್ತಾನೆ. ಹಲಗೆ, ಬಳಪ ಮುಟ್ಟದೆ ಬರೆದದ್ದು ಅದರಲ್ಲೊಂದು; ಒಮ್ಮೆ ಇಟ್ಟ ಪದವನ್ನು ಮತ್ತೆ ಅಳಿಸದಿರುವುದು ಇನ್ನೊಂದು. ಕುಮಾರವ್ಯಾಸನಂಥ ಕವಿ ಹಾಗೆಂದರೆ ಒಪ್ಪಿಕೊಳ್ಳೋಣ. ಆದರೆ ಆ ಜಂಬವನ್ನು ಸ್ವಲ್ಪ ತಿರುವಿ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಹಲಗೆ ಹಿಡಿಯದಿರುವುದು ಹೆಗ್ಗಳಿಕೆ ಎನ್ನಿಸಿಕೊಳ್ಳಬೇಕಾದರೆ ಮಿಕ್ಕವರ ಕೈಯಲ್ಲಿ ಹಲಗೆ ಇದ್ದಿರಬೇಕು. ಓಲೆಗರಿಯ ಮೇಲೆ ಕಂಟ ಊರುವ ಮೊದಲು ಹಲಗೆಯ ಮೇಲೆ ಬಳಪದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು ಬರವಣಿಗೆಯ ಮಾಮೂಲು ದಾರಿಯಾಗಿತ್ತು ಅನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಓಲೆಗರಿಯ ಮೇಲೆ ಕೊರೆದದ್ದನ್ನು ಒರೆಸಲಾಗದು. ಹಾಗಾಗಿ ತಿದ್ದುವುದೆಲ್ಲ ಮೊದಲೇ ಮುಗಿಯಬೇಕಿತ್ತು.

ಎಂಪ್ಸನ್ನನ ಕಟ್ಟಿಗೂ ಮುಂದಿನ ಕತೆಯಿದೆ. 1947ರಲ್ಲಿ ಪುಸ್ತಕದ ಎರಡನೆಯ ಆವೃತ್ತಿ ಬಂತು. ಅಷ್ಟರಲ್ಲಿ ಎಂಪ್ಸನ್ ಜಪಾನಿನಲ್ಲಿ, ಚೀನಾದಲ್ಲಿ ಪಾಠ ಹೇಳಿ ಬಂದಿದ್ದರು, ವಯಸ್ಸು ನಲವತ್ತು. ಇಪ್ಪತ್ತರ ಹುಡುಗ ಬರೆದದ್ದನ್ನು ನಲವತ್ತರ ಮೇಷ್ಟರು ತಿದ್ದಿದರು. ಮುಖ್ಯ ಮಾತಿನಿಂದ ಗಮನ ಬೇರೆಡೆ ಸೆಳೆಯುವ ಚಿಲ್ಲರೆ ವಿಶ್ಲೇಷಣೆಗಳನ್ನು ಕತ್ತರಿಸಿದರು, ಕತ್ತರಿಸಿದ ಕಡೆ ಬಹುತೇಕ ಅಡಿಟಿಪ್ಪಣಿ ಹಾಕಿ ಹಾಗೆಂದು ಹೇಳಿದರು. ಮಸುಕಾಗಿದ್ದ ವಾದಗಳನ್ನು ತಿಳಿ ಮಾಡಿದರು, ನಡುನಡುವೆ ಕೊಂಡಿ ಸೇರಿಸಿದರು. ಈಗ ಬೇಸರ ತರಿಸುವ ಜೋಕುಗಳನ್ನು ತೆಗೆದುಹಾಕಿದರು. ಮೊದಲ ಸಲ ಉದ್ಧರಣೆಗಳು ಎಲ್ಲಿಂದ ಬಂದವೆಂದೇ ಹೇಳಿರಲಿಲ್ಲ, ಅದನ್ನೂ ಸೇರಿಸಿದರು. ನೆನಪಿನಿಂದ ಉದ್ಧರಿಸಿ ಪದ ತಪ್ಪಿಸುವುದು ಅವರಿಗಂಟಿದ್ದ ಚಾಳಿ. ಪದಪದವನ್ನು ಹಿಂಜುವ ವಿಮರ್ಶಕನಿಗೆ ಇದಕ್ಕಿಂತ ಮುಜುಗರದ ದೋಷ ಇನ್ನೊಂದಿಲ್ಲ. ಕೆಲವು ಅಡಿಟಿಪ್ಪಣಿಗಳಲ್ಲಿ ಹಳೆಯ ಎಂಪ್ಸನ್ ಹೇಳಿದ್ದಕ್ಕೆ ಹೊಸ ಎಂಪ್ಸನ್ ತಕರಾರು ತೆಗೆಯುವುದನ್ನು ಇವತ್ತೂ ಓದಬಹುದು. ವಿಮರ್ಶೆ ಬರೆಯಲು ಕಲಿಯುವವರಿಗೆ ಮೊಲದ ಕತೆಗಿಂತ ಈ ಅಡಿಟಿಪ್ಪಣಿಗಳೇ ಹೆಚ್ಚು ಪ್ರಯೋಜನದವು.

ಕನ್ನಡದಲ್ಲಿ ‘ತಿದ್ದು’ ಎಂಬ ಪದಕ್ಕೆ ಎರಡು ಜೀವ. ಮಗು ಅಕ್ಷರ ಕಲಿಯುವಾಗ ಅಕ್ಷರ ತಿದ್ದುತ್ತದೆ. ಅಂದರೆ ಮರಳಿನಲ್ಲೋ ಸ್ಲೇಟಿನಲ್ಲೋ ಯಾರೋ ಬರೆದುಕೊಟ್ಟ ‘ಅ’ದ ಮೇಲೆ ಬೆರಳೋ ಬಳಪವೋ ಇಟ್ಟು ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗುತ್ತದೆ. ಬೆಳೆದವರು ತಪ್ಪು ತಿದ್ದುತ್ತಾರೆ. ಅಚ್ಚುಕೂಟದವರು ಕರಡು ತಿದ್ದುತ್ತಾರೆ. ಬರೆದದ್ದರ ಮೇಲೆ ಮತ್ತೆ ನಡೆಯುವುದೇ ಕಲಿಯುವುದು ಎಂಬ ಅರ್ಥ ಆ ಕ್ರಿಯಾಪದದ ಒಳಗೇ ಕೂತಿದೆ. ಆದರೆ ತರಗತಿಯಲ್ಲಿ ಬಳಕೆಯಾಗುವ ಹೊತ್ತಿಗೆ ಅದು ಸಣ್ಣದಾಗಿಬಿಟ್ಟಿದೆ. ಪ್ರಬಂಧ ತಿದ್ದಿ ತಾ ಎಂದರೆ ವಿದ್ಯಾರ್ಥಿ ಅಲ್ಪಪ್ರಾಣ ಮಹಾಪ್ರಾಣ ಸರಿಮಾಡಿ, ‘ಚೆನ್ನಾಗಿ’ ಇದ್ದ ಕಡೆ ‘ಮನೋಜ್ಞವಾಗಿ’ ಎಂದು ಹಾಕಿ ತರುತ್ತಾನೆ.

ಇದು ನಮ್ಮ ಹುಡುಗರ ಗುಣವಷ್ಟೇ ಅಲ್ಲ. ಅಮೆರಿಕದ ನ್ಯಾನ್ಸಿ ಸಾಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 20 ಜನ ವಿದ್ಯಾರ್ಥಿಗಳನ್ನೂ ಬರವಣಿಗೆಯಲ್ಲಿ ಪಳಗಿದ 20 ಜನ ವಯಸ್ಕರನ್ನೂ ಕೂರಿಸಿದರು. ಒಬ್ಬೊಬ್ಬರೂ ಮೂರು ಪ್ರಬಂಧ ಬರೆಯಬೇಕು, ಒಂದೊಂದನ್ನೂ ಎರಡೆರಡು ಸಲ ತಿದ್ದಿ ಬರೆಯಬೇಕು. ವಿದ್ಯಾರ್ಥಿಗಳು ಮಾಡಿದ್ದು ಬಹುತೇಕ ಪದ ಬದಲಾವಣೆ. ಒಂದು ಪದ ಎರಡು ಸಲ ಬಂದರೆ ಅದನ್ನು ಹುಡುಕಿ ತೆಗೆಯುವುದೇ ಅವರಿಗೆ ದೊಡ್ಡ ಕೆಲಸ. ಪಳಗಿದವರು ಮೊದಲು ಹುಡುಕಿದ್ದು ತಮ್ಮ ವಾದದ ಆಕಾರವನ್ನು. ತಾನು ಹೇಳುತ್ತಿರುವುದು ಇದೇನಾ, ಓದುವವರಿಗೆ ಇದು ಹೇಗೆ ಕೇಳುತ್ತದೆ ಎಂದು ಕೇಳಿಕೊಂಡು ಅವರು ಪ್ಯಾರಾಗಳನ್ನೇ ಎತ್ತಿ ಬಿಸಾಡುತ್ತಿದ್ದರು. ಮರುವರ್ಷ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಇನ್ನೊಂದು ಮಗ್ಗುಲನ್ನು ತೋರಿಸಿದರು. ಬರೆಯುವಾಗ ತಲೆಯಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುವಂತೆ ಬರೆಯುವವರನ್ನು ಕೇಳಿ ಅದನ್ನು ದಾಖಲಿಸಿ ನೋಡಿದಾಗ, ಮೊದಲು ಯೋಜನೆ, ಆಮೇಲೆ ಬರವಣಿಗೆ, ಕೊನೆಗೆ ತಿದ್ದುಪಡಿ ಎಂಬ ಪಠ್ಯಪುಸ್ತಕದ ಸಾಲು ಎಲ್ಲೂ ಕಾಣಲಿಲ್ಲ. ಬರೆಯುತ್ತ ಬರೆಯುತ್ತ ಯೋಜನೆಯೇ ಬದಲಾಗುತ್ತಿತ್ತು. ಯೋಜನೆ ಎಂದರೆ ಕಟ್ಟಡದ ನಕ್ಷೆಯಲ್ಲ, ಮಳೆಗಾಲದ ಕಾಲುದಾರಿ. ನಡೆದ ಮೇಲೇ ಗೊತ್ತಾಗುವುದು ಎಲ್ಲಿ ಕೆಸರು ಎಂದು.

ಕೇಂಬ್ರಿಜ್‌ನ ಪಾಠ ಮೈಸೂರಿಗೆ ಬಂದದ್ದು ನೇರ ದಾರಿಯಲ್ಲೇ. 1940ರ ದಶಕದ ಕೊನೆಯಲ್ಲಿ ಸಿ.ಡಿ. ನರಸಿಂಹಯ್ಯನವರು ಅಲ್ಲಿಗೆ ಹೋಗಿ ಎಫ್.ಆರ್. ಲೀವಿಸ್ ಅವರ ಕೈಕೆಳಗೆ ಓದಿದರು. ಹಿಂದಿರುಗಿ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದರು, 1952ರಲ್ಲಿ ‘ಲಿಟರರಿ ಕ್ರೈಟೀರಿಯನ್’ ಪತ್ರಿಕೆ ಶುರು ಮಾಡಿದರು, 1979ರಲ್ಲಿ ‘ಧ್ವನ್ಯಾಲೋಕ’ ಕಟ್ಟಿದರು. ಆನಂದವರ್ಧನನ ಗ್ರಂಥದ ಹೆಸರನ್ನೇ ಸಂಸ್ಥೆಗೆ ಇಟ್ಟದ್ದರಲ್ಲಿ ಕೇಂಬ್ರಿಜ್‌ನೊಡನೆ ಅವರ ಜಗಳವೂ ರಾಜಿಯೂ ಎರಡೂ ಇವೆ. ಲೀವಿಸ್ ಹೇಳುತ್ತಿದ್ದ ಒಂದು ವಿಚಾರ ಕಲಿಯುವವರಿಗೆ ನೇರ ಉಪಯೋಗಕ್ಕೆ ಬರುತ್ತದೆ. ವಿಮರ್ಶೆಯ ಪ್ರತಿಯೊಂದು ತೀರ್ಮಾನವೂ ‘ಇದು ಹೀಗಿದೆ, ಅಲ್ಲವೇ?’ ಎಂಬ ರೂಪದಲ್ಲಿರುತ್ತದೆ. ಅದಕ್ಕೆ ಬರಬೇಕಾದ ಉತ್ತರ ‘ಹೌದು, ಆದರೆ...’ ಎಂದು. ಒಂಟಿಯಾಗಿ ಬರೆಯಲು ಕೂತ ವಿದ್ಯಾರ್ಥಿ ಈ ಎರಡೂ ಪಾತ್ರ ತಾನೇ ಮಾಡಬೇಕು. ಮೊದಲ ಕರಡಿನಲ್ಲಿ ‘ಅಲ್ಲವೇ’, ಎರಡನೆಯದರಲ್ಲಿ ‘ಆದರೆ’. ಯು.ಆರ್. ಅನಂತಮೂರ್ತಿಯವರು 1981ರಲ್ಲಿ ಸಾಹಿತ್ಯ ಪತ್ರಿಕೆ ತೆಗೆದಾಗ ಅದಕ್ಕೆ ‘ರುಜುವಾತು’ ಎಂದು ಹೆಸರಿಟ್ಟರು, ಕೋರ್ಟು ಕಚೇರಿಯಲ್ಲಿ ಓಡಾಡುವ ಪದ. ಹೇಳಿದ್ದಕ್ಕೆ ಪುರಾವೆ ಎಲ್ಲಿ ಎಂಬ ಪ್ರಶ್ನೆಯನ್ನು ಮುಖಪುಟದ ಮೇಲೇ ಬರೆದ ಹಾಗೆ.

ಈ ಪ್ರಶ್ನೆ ಒಂದು ಕರಡನ್ನು ಹೇಗೆ ಬದಲಾಯಿಸುತ್ತದೆ ಎಂಬುದನ್ನು ನೋಡಲು ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಬಿ.ಎ. ಎರಡನೆಯ ವರ್ಷ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಗ್ಗೆ ಐದು ಪುಟದ ಲೇಖನ ಬರೆಯಬೇಕು. 1980ರಲ್ಲಿ ಬಂದ ಈ ಕಾದಂಬರಿ ಅವಳಿಗೆ ಇಷ್ಟವೇ, ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ್ದಾಳೆ. ಬರೆಯಲು ಕೂತಾಗ ಮೊದಲ ವಾಕ್ಯ ಸಲೀಸಾಗಿ ಬರುತ್ತದೆ: ‘ಕರ್ವಾಲೊ ಕನ್ನಡದ ಶ್ರೇಷ್ಠ ಪರಿಸರ ಕಾದಂಬರಿ. ತೇಜಸ್ವಿಯವರು ಪ್ರಕೃತಿಯ ನಿಗೂಢತೆಯನ್ನು ಅದ್ಭುತವಾಗಿ ಚಿತ್ರಿಸಿದ್ದಾರೆ.’ ಆಮೇಲೆ ಮೂರು ಪುಟ ಕತೆ: ಬೇಸಾಯದಿಂದ ಬೇಸತ್ತ ನಿರೂಪಕ, ಜೇನಿನ ನೆಪದಲ್ಲಿ ಎದುರಾಗುವ ಮಂದಣ್ಣ, ವಿಜ್ಞಾನಿ ಕರ್ವಾಲೊ, ಮಂದಣ್ಣನ ಮದುವೆ, ಹಾರುವ ಓತಿಯ ಸುದ್ದಿ, ಫೋಟೋ ತೆಗೆಯುವ ಪ್ರಭಾಕರ, ಮರ ಹತ್ತುವ ಕರಿಯಪ್ಪ, ಎಂಗ್ಟ, ಕಿವಿ ಎಂಬ ನಾಯಿ, ಎಲ್ಲರೂ ಸೇರಿ ಕಾಡು ನುಗ್ಗುವುದು, ಕೊನೆಗೆ ಓತಿ ಕಣಿವೆಗೆ ತೇಲಿಹೋಗುವುದು. ಕೊನೆಯ ಪ್ಯಾರಾದಲ್ಲಿ, ಪುಟ ತುಂಬಿಸುವ ಅವಸರದಲ್ಲಿ, ಒಂದು ಮಾತು ಜಾರಿ ಬೀಳುತ್ತದೆ: ಮೊದಲು ಪೆದ್ದನಂತೆ ಕಂಡ ಮಂದಣ್ಣನೇ ಎಲ್ಲರಿಗಿಂತ ಮೊದಲು ಓತಿಯನ್ನು ನೋಡಿದ್ದವನು.

ಮೇಷ್ಟರು ಕೆಂಪು ಶಾಯಿಯಲ್ಲಿ ತಪ್ಪು ಹುಡುಕದೆ ಪೆನ್ಸಿಲಿನಲ್ಲಿ ಎರಡೇ ಕೆಲಸ ಮಾಡುತ್ತಾರೆ. ‘ನಿಗೂಢತೆಯನ್ನು ಅದ್ಭುತವಾಗಿ’ ಎಂಬಲ್ಲಿ ಅಂಚಿಗೆ ‘ಯಾವ ಪುಟ?’ ಎಂದು ಬರೆಯುತ್ತಾರೆ. ಕೊನೆಯ ಪ್ಯಾರಾದ ಆ ವಾಕ್ಯಕ್ಕೆ ಗೆರೆ ಎಳೆದು ‘ಇಲ್ಲಿಂದ ಶುರು ಮಾಡು’ ಎನ್ನುತ್ತಾರೆ. ಪ್ರಬಂಧ ತಿದ್ದುವ ಮೇಷ್ಟರುಗಳಿಗೆಲ್ಲ ಗೊತ್ತಿರುವ ಗುಟ್ಟು ಇದು: ಮೊದಲ ಕರಡಿನ ಒಳ್ಳೆಯ ಮಾತು ಹೆಚ್ಚಾಗಿ ಕೊನೆಯಲ್ಲಿರುತ್ತದೆ, ಏಕೆಂದರೆ ತಲೆಯಲ್ಲಿ ಮೊದಲೇ ಇದ್ದದ್ದೆಲ್ಲ ಖರ್ಚಾದ ಮೇಲಷ್ಟೇ ಪುಸ್ತಕದಲ್ಲಿ ಇರುವುದು ಕಾಣತೊಡಗುತ್ತದೆ.

ಈಗ ಅವಳು ಕಾದಂಬರಿಯನ್ನು ಎರಡನೆಯ ಸಲ ಓದುತ್ತಾಳೆ, ಈ ಸಲ ಪೆನ್ಸಿಲ್ ಹಿಡಿದು, ಒಂದು ಪ್ರಶ್ನೆ ಇಟ್ಟುಕೊಂಡು: ಮಂದಣ್ಣನನ್ನು ಯಾರು, ಯಾವಾಗ, ಹೇಗೆ ನೋಡುತ್ತಾರೆ? ಅವನು ಬರುವ ಕಡೆಯೆಲ್ಲ ಪುಟದ ಸಂಖ್ಯೆ ಬರೆದುಕೊಳ್ಳುತ್ತಾಳೆ. ಎಡಗಡೆ ನಿರೂಪಕ ಅವನ ಬಗ್ಗೆ ಅಂದುಕೊಂಡದ್ದು, ಬಲಗಡೆ ಅವನು ನಿಜವಾಗಿ ಮಾಡಿದ್ದು. ಹತ್ತಿಪ್ಪತ್ತು ಸಾಲು ಆಗುವಷ್ಟರಲ್ಲಿ ಎರಡೂ ಕಡೆ ತಾಳೆಯಾಗುತ್ತಿಲ್ಲ ಎಂಬುದು ಕಣ್ಣಿಗೆ ಹೊಡೆಯುತ್ತದೆ. ನಿರೂಪಕನಿಗೆ ಮಂದಣ್ಣ ಕೆಲಸಕ್ಕೆ ಬಾರದ ಆಸಾಮಿ. ಕರ್ವಾಲೊ ಅವನಲ್ಲಿ ಹುಟ್ಟಾ ಪ್ರಕೃತಿವಿಜ್ಞಾನಿಯನ್ನು ಕಾಣುತ್ತಾರೆ. ಅಷ್ಟು ದೊಡ್ಡ ವಿಜ್ಞಾನಿಗೆ ಇವನ ಜೊತೆ ಏನು ಸ್ನೇಹ ಎಂದು ನಿರೂಪಕನಿಗೆ ಸೋಜಿಗ. ಇನ್ನೂ ಒಂದು ಸಂಗತಿ ಅವಳಿಗೆ ಹೊಳೆಯುತ್ತದೆ. ಮೊದಲ ಓದಿನಲ್ಲಿ ಮಂದಣ್ಣನನ್ನು ಕಂಡು ತಾನೂ ನಕ್ಕಿದ್ದಳು. ತೇಜಸ್ವಿ ನಗಿಸಿದ್ದರು.

ಎರಡನೆಯ ಕರಡು ಇಲ್ಲಿಂದ ಹುಟ್ಟುತ್ತದೆ. ‘ಕರ್ವಾಲೊ ಕಾದಂಬರಿಯ ತಮಾಷೆ ಓದುಗರನ್ನು ಹಳ್ಳಕ್ಕೆ ಕೆಡವುತ್ತದೆ. ಮಂದಣ್ಣನನ್ನು ನೋಡಿ ನಗುವ ನಾವು ಆಮೇಲೆ ನಕ್ಕದ್ದಕ್ಕೆ ನಾಚಬೇಕಾಗುತ್ತದೆ.’ ಮೂರು ಪುಟದ ಕಥಾಸಾರ ಆರು ಸಾಲಿಗೆ ಇಳಿದಿದೆ. ‘ಅದ್ಭುತ’ ಮಾಯವಾಗಿದೆ. ಪ್ರತಿ ಪ್ಯಾರಾದಲ್ಲೂ ಒಂದು ಘಟನೆ, ಅದರ ಪುಟ, ಅಲ್ಲಿಯ ಒಂದು ಪದದ ಮೇಲೆ ಎರಡು ಮಾತು. ಮೊದಲ ಕರಡಿನ ಒಂದೇ ಒಂದು ವಾಕ್ಯ ಉಳಿದುಕೊಂಡಿದೆ.

ಆದರೆ ಈ ಕರಡಿಗೂ ಒಂದು ರೋಗವಿದೆ, ಬುದ್ಧಿವಂತ ವಿದ್ಯಾರ್ಥಿಗಳಿಗೆ ತಪ್ಪದೆ ಬರುವ ರೋಗ. ಹೊಸ ವಾದ ಸಿಕ್ಕಿದ ಖುಷಿಯಲ್ಲಿ ಅವಳು ಅದನ್ನು ಎಲ್ಲದಕ್ಕೂ ಹಚ್ಚಿದ್ದಾಳೆ. ಮಂದಣ್ಣ ಜ್ಞಾನಿ, ಓದಿದವರೆಲ್ಲ ಕುರುಡರು ಎಂಬಲ್ಲಿಗೆ ಲೇಖನ ಬಂದು ನಿಂತಿದೆ. ಅದೂ ಒಂದು ಗ್ರಾಮಫೋನ್ ತಟ್ಟೆಯೇ, ಹಳ್ಳಿಯ ಮುಗ್ಧ ಮತ್ತು ಪೇಟೆಯ ಪಂಡಿತ ಎಂಬ ಹಳೆಯ ಹಾಡು. ಇಲ್ಲಿ ‘ಹೌದು, ಆದರೆ’ ಬೇಕಾಗುತ್ತದೆ. ತನ್ನ ವಾದಕ್ಕೆ ಒಗ್ಗದ ಪುಟಗಳು ಯಾವುವು? ಅವಳು ಹುಡುಕುತ್ತಾಳೆ. ಮಂದಣ್ಣ ಓತಿಯನ್ನು ನೋಡಿದ್ದೇನೋ ನಿಜ, ಆದರೆ ಅದು ಏನೆಂದು ಅವನಿಗೆ ಗೊತ್ತಿರಲಿಲ್ಲ. ಲಕ್ಷಾಂತರ ವರ್ಷಗಳ ಜೀವವಿಕಾಸದ ದಾರಿಯಲ್ಲಿ ಅದಕ್ಕಿರುವ ಬೆಲೆ ತಿಳಿದದ್ದು ಕರ್ವಾಲೊಗೆ. ಕಾಣುವುದು ಬೇರೆ, ಗುರುತಿಸುವುದು ಬೇರೆ. ಎರಡೂ ಸೇರಿದ ಮೇಲೂ, ಸುತ್ತುವರಿದು ನಿಂತ ಮೇಲೂ, ಓತಿ ಕೈಗೆ ಸಿಗದೆ ಕಣಿವೆಗೆ ಹಾರುತ್ತದೆ. ಮೂರನೆಯ ಕರಡಿನಲ್ಲಿ ಅವಳ ವಾದ ಮೊದಲಿನಷ್ಟು ಜೋರಾಗಿಲ್ಲ, ಆದರೆ ಗಟ್ಟಿಯಾಗಿದೆ.

ಈ ಕರಡು ಬರೆಯುವಾಗಲೇ ಅವಳು ಇನ್ನೊಂದನ್ನು ಗಮನಿಸುತ್ತಾಳೆ. ಇದು ‘ನಾನು’ ಎಂದು ಹೇಳುವ ಕತೆ, ಎಲ್ಲ ಮುಗಿದ ಮೇಲೆ ಹೇಳುತ್ತಿರುವ ಕತೆ. ಹೇಳುವ ಹೊತ್ತಿಗೆ ನಿರೂಪಕನಿಗೆ ಮಂದಣ್ಣ ಯಾರೆಂಬುದು ಗೊತ್ತಾಗಿದೆ. ಆದರೂ ತನ್ನ ಮೊದಲಿನ ತಪ್ಪು ಅಂದಾಜನ್ನು ಅವನು ಅಳಿಸಿಲ್ಲ, ಹಾಗೇ ಬಿಟ್ಟು ಅದರ ಮುಂದೆ ಸರಿಯಾದದ್ದನ್ನು ಬರೆದಿದ್ದಾನೆ. ಎಂಪ್ಸನ್ನನ ಅಡಿಟಿಪ್ಪಣಿಗಳ ಹಾಗೆ ಎಂದು ಅವಳಿಗೆ ಅನ್ನಿಸಲಿಕ್ಕಿಲ್ಲ. ಅವಳಿನ್ನೂ ಎಂಪ್ಸನ್ನನನ್ನು ಓದಿಲ್ಲ.

ಇಷ್ಟೆಲ್ಲ ಮಾಡಲು ಒಬ್ಬ ಮೇಷ್ಟರ ಪೆನ್ಸಿಲ್ ಬೇಕಾಯಿತು ಎಂಬುದು ಸಣ್ಣ ಮಾತಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕೃತಿ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ಬರೆಯುವವರಿಗಾಗಿಯೇ ಇರುವ ಗ್ರಂಥ. ನೃಪತುಂಗನ ಆಸ್ಥಾನದ ಶ್ರೀವಿಜಯ ಅದನ್ನು ಮೂರು ಪರಿಚ್ಛೇದಗಳಲ್ಲಿ ಬರೆದ. ಮೊದಲನೆಯದರ ಹೆಸರೇ ದೋಷದಿಂದ ಶುರುವಾಗುತ್ತದೆ. ಅಲಂಕಾರಗಳ ವೈಭವ ಆಮೇಲೆ. ಎಷ್ಟೇ ಹೆಣಗಿದರೂ ಬರೆದವನಿಗೆ ತನ್ನ ದೋಷ ಕಾಣದು, ಕಣ್ಣಿಗೆ ತನ್ನದೇ ಕಾಡಿಗೆ ಕಾಣದ ಹಾಗೆ ಎನ್ನುತ್ತಾನೆ ಅಲ್ಲಿ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಹೋಲಿಕೆಯಲ್ಲಿ ಒಂದು ಮರ್ಮವಿದೆ. ಕಾಡಿಗೆ ಕಣ್ಣಿಗೆ ಅಂಟಿಕೊಂಡೇ ಇರುತ್ತದೆ. ಕಾಣದಿರುವುದು ಅದು ದೂರದಲ್ಲಿರುವುದರಿಂದಲ್ಲ, ತೀರ ಹತ್ತಿರವಿರುವುದರಿಂದ. ಅದನ್ನು ನೋಡಲು ಕನ್ನಡಿ ಬೇಕು, ಇಲ್ಲವೇ ಎದುರು ಕೂತ ಗೆಳತಿ.

ಗೆಳತಿ ಸಿಗುವುದು ಕಷ್ಟವೇನಲ್ಲ. ಹೆಗ್ಗೋಡಿನ ನೀನಾಸಂ ವರ್ಷವರ್ಷ ನಡೆಸುತ್ತ ಬಂದಿರುವ ಸಂಸ್ಕೃತಿ ಶಿಬಿರಗಳಲ್ಲಿ ಒಂದೇ ಪದ್ಯವನ್ನು ಮೇಷ್ಟರು, ರೈತರು, ಗೃಹಿಣಿಯರು, ವಿದ್ಯಾರ್ಥಿಗಳು ಒಟ್ಟಿಗೆ ಕೂತು ಬಿಡಿಸುತ್ತಾರೆ. ಒಬ್ಬರಿಗೆ ಕಾಣದ ಪದ ಇನ್ನೊಬ್ಬರಿಗೆ ಕಾಣುತ್ತದೆ. ಕಾಲೇಜಿನಲ್ಲಾದರೆ ಹಾಸ್ಟೆಲ್ಲಿನ ಪಕ್ಕದ ಮಂಚ ಸಾಕು. ಕರಡನ್ನು ಜೋರಾಗಿ ಓದಿಸಿ ಕೇಳಿದರೆ ಎಲ್ಲಿ ಓದುವವಳ ದನಿ ತಡವರಿಸುತ್ತದೋ ಅಲ್ಲಿ ವಾಕ್ಯವೂ ತಡವರಿಸಿದೆ ಎಂದರ್ಥ. ಈಗಿನ ಅಪಾಯ ಬೇರೆ. ಮೊದಲು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುತ್ತಿದ್ದ ಗೈಡು ಈಗ ಮೊಬೈಲಿನಲ್ಲಿ ಕೂತಿದೆ. ಕೇಳಿದ ಕ್ಷಣದಲ್ಲಿ ಕಾಗುಣಿತದ ತಪ್ಪಿಲ್ಲದ, ಕಾಡಿಗೆಯೂ ಇಲ್ಲದ, ಕಣ್ಣೂ ಇಲ್ಲದ ಐದು ಪುಟ ಕೈಗೆ ಕೊಡುತ್ತದೆ. ಅಂಥ ಐದು ಪುಟವನ್ನು ಬರೆದವರಿಗೆ ‘ಯಾವ ಪುಟ?’ ಎಂದು ಕೇಳಿ ನೋಡಬೇಕು.

ಕಂಪ್ಯೂಟರಿನಲ್ಲಿ ಬರೆಯುವವರು ಕಳೆದುಕೊಂಡ ಇನ್ನೊಂದು ವಸ್ತು ಹೊಡೆದುಹಾಕಿದ ಸಾಲು. ಕಾಗದದ ಮೇಲೆ ಗೆರೆ ಎಳೆದು ಹೊಡೆದದ್ದು ಕೆಳಗಿನಿಂದ ಇಣುಕುತ್ತಿರುತ್ತದೆ. ಪರದೆಯ ಮೇಲೆ ಅಳಿಸಿದ್ದು ಇಲ್ಲವೇ ಇಲ್ಲ. ಹಾಗಾಗಿ ಒಂದೊಂದು ಕರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಟ್ಟುಕೊಳ್ಳುವಂತೆ ಕೆಲವು ಮೇಷ್ಟರುಗಳು ಹೇಳುತ್ತಾರೆ, ಮೂರೂ ಕರಡನ್ನು ಒಟ್ಟಿಗೆ ಪಿನ್ನು ಹೊಡೆದು ಕೊಟ್ಟರೆ ಮಾತ್ರ ಅಂಕ ಎನ್ನುವವರೂ ಇದ್ದಾರೆ. ಮೂರನೆಯದನ್ನಷ್ಟೇ ನೋಡುವುದಕ್ಕಿಂತ, ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವಿನ ದೂರ ನೋಡಿ ಅಂಕ ಹಾಕುವುದು ನ್ಯಾಯವೇ.

ನಮ್ಮ ವಿದ್ಯಾರ್ಥಿನಿ ಮೂರೂ ಕರಡನ್ನು ಪಿನ್ನು ಹೊಡೆದು ಕೊಟ್ಟಳು ಎಂದುಕೊಳ್ಳೋಣ. ವಾರ ಬಿಟ್ಟು ಹಾಳೆಗಳು ಹಿಂದಿರುಗುತ್ತವೆ. ಅಂಕ ಚೆನ್ನಾಗಿಯೇ ಇದೆ. ಕೊನೆಯ ಪುಟದಲ್ಲಿ, ಓತಿ ಕಣಿವೆಗೆ ಹಾರುವುದನ್ನು ಎಲ್ಲರೂ ಬೆರಗಾಗಿ ನೋಡಿದರು ಎಂದು ಅವಳು ಬರೆದ ಕಡೆ, ‘ಎಲ್ಲರೂ’ ಎಂಬ ಪದದ ಸುತ್ತ ಪೆನ್ಸಿಲಿನ ಒಂದು ಸೊನ್ನೆ. ಅಂಚಿನಲ್ಲಿ: ‘ಆಗ ಮಂದಣ್ಣ ಎಲ್ಲಿ ನಿಂತಿದ್ದ?’ ಅವಳಿಗೆ ನೆನಪಾಗುವುದಿಲ್ಲ. ಲೈಬ್ರರಿಗೆ ಹಿಂದಿರುಗಿಸಬೇಕೆಂದು ಚೀಲದಲ್ಲಿ ಹಾಕಿಕೊಂಡಿದ್ದ ಪುಸ್ತಕವನ್ನು ಬಸ್ಸಿನಲ್ಲೇ ಹೊರತೆಗೆದು, ಹಿಂದಿನಿಂದ ಹಾಳೆ ಮಗುಚತೊಡಗುತ್ತಾಳೆ.